ಅಂಗವಿಕಲ ಮಾಜಿ ಸೈನಿಕರಿಗೆ ಆಸ್ತಿ ತೆರಿಗೆ ರಿಯಾಯಿತಿ (ಕರ್ನಾಟಕ)

ಅಂಗವಿಕಲ ಮಾಜಿ ಸೈನಿಕರಿಗೆ ಆಸ್ತಿ ತೆರಿಗೆ ರಿಯಾಯಿತಿ ಎಂಬುದು ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯ ಸೇವೆಯಲ್ಲಿ ಗಾಯಗೊಂಡು ಇಲ್ಲವೇ ರೋಗಕ್ಕೆ ತುತ್ತಾಗಿ ಅಂಗವೈಕಲ್ಯ ಹೊಂದಿದವರು ವಾಸಿಸುವ ಮನೆಯ ಮೇಲಿನ ತೆರಿಗೆಯನ್ನು ಪೂರ್ಣವಾಗಿ ಅಥವಾ ಭಾಗಶಃ ಬಿಡುವ ವ್ಯವಸ್ಥೆಯಾಗಿದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಈ ರಿಯಾಯಿತಿ ದೊರೆಯುವುದು ಮಾಜಿ ಸೈನಿಕ ಎಂಬ ನೆಲೆಯಲ್ಲಿ. ಅಂಗವೈಕಲ್ಯದ ಶೇಕಡಾವಾರು ಪ್ರಮಾಣದ ಮೇಲಲ್ಲ. ಆದ್ದರಿಂದ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಗವಿಕಲ ಯೋಧನೊಬ್ಬನಿಗೆ ಎಷ್ಟು ರಿಯಾಯಿತಿ ಸಿಗುತ್ತದೆ ಎಂಬುದನ್ನು ಅವನ ಗಾಯಕ್ಕಿಂತ ಹೆಚ್ಚಾಗಿ ಅವನ ಮನೆ ಯಾವ ಸ್ಥಳೀಯ ಸಂಸ್ಥೆಯ ಎಲ್ಲೆಯೊಳಗಿದೆ, ಖಾತೆ ಯಾರ ಹೆಸರಿನಲ್ಲಿದೆ ಎಂಬ ಸಂಗತಿಗಳು ನಿರ್ಧರಿಸುತ್ತವೆ.

ಸಾಂವಿಧಾನಿಕ ಹಿನ್ನೆಲೆ

ಸೈನ್ಯ ಮತ್ತು ಸೈನಿಕರ ಪಿಂಚಣಿ ಕೇಂದ್ರ ಸರ್ಕಾರದ ವಿಷಯಗಳು. ಆದರೆ ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಯು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 49ನೆಯ ವಿಷಯವಾಗಿದೆ. ಈ ತೆರಿಗೆಯನ್ನು ವಿಧಿಸುವ ಅಧಿಕಾರವನ್ನು ರಾಜ್ಯ ಶಾಸನಸಭೆಯು ಕಾಯ್ದೆಗಳ ಮೂಲಕ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ಹೀಗಾಗಿ ಪಿಂಚಣಿಯ ನಿಯಮ ದೇಶಕ್ಕೆಲ್ಲ ಒಂದೇ ಆಗಿದ್ದರೂ ಮನೆಗಂದಾಯದ ರಿಯಾಯಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಸಂಬಂಧಿಸಿದಂತೆ ಮುಖ್ಯವಾಗಿ ಮೂರು ಕಾಯ್ದೆಗಳಿವೆ. ಮೈಸೂರಿನಂತಹ ಮಹಾನಗರಗಳಿಗೆ 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆ ಅನ್ವಯಿಸುತ್ತದೆ. ಅದರ 110ನೆಯ ಪ್ರಕರಣವು ತೆರಿಗೆ ವಿನಾಯಿತಿಗಳನ್ನು ಹೇಳುತ್ತದೆ. ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಗೆ ಒಳಪಟ್ಟಿವೆ. ಅದರ 94ನೆಯ ಪ್ರಕರಣ ತೆರಿಗೆಗಳಿಗೆ ಸಂಬಂಧಿಸಿದ್ದು. ಗ್ರಾಮ ಪಂಚಾಯಿತಿಗಳ ತೆರಿಗೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 199ನೆಯ ಪ್ರಕರಣದಡಿ ಬರುತ್ತದೆ.

ಮಾಜಿ ಸೈನಿಕ ಎಂಬುದರ ವ್ಯಾಪ್ತಿ

ಮೂರು ಪಡೆಗಳಲ್ಲಿ ಯಾವುದೇ ಶ್ರೇಣಿಯಲ್ಲಿ ಸೇವೆ ಸಲ್ಲಿಸಿ ಪಿಂಚಣಿಯೊಂದಿಗೆ ನಿವೃತ್ತರಾದವರು ಸಾಮಾನ್ಯವಾಗಿ ಮಾಜಿ ಸೈನಿಕರೆನಿಸುತ್ತಾರೆ. ಸೇವೆಗೆ ಸಂಬಂಧಿಸಿದ ವೈದ್ಯಕೀಯ ಕಾರಣದಿಂದ ಅವಧಿಗೆ ಮೊದಲೇ ಬಿಡುಗಡೆಯಾಗಿ ಅಂಗವೈಕಲ್ಯ ಪಿಂಚಣಿ ಪಡೆದವರೂ ಇದರಲ್ಲಿ ಸೇರುತ್ತಾರೆ. ಹದಿನೈದು ವರ್ಷ ಪೂರೈಸುವ ಮೊದಲೇ ಗಾಯಗೊಂಡು ಊರಿಗೆ ಮರಳಿದ ತರುಣನಿಗೆ ಈ ಅಂಶ ಮುಖ್ಯವಾದುದು: ಸೇವೆ ಅಲ್ಪವಾಗಿತ್ತೆಂಬ ಒಂದೇ ಕಾರಣದಿಂದ ಅವನು ಮಾಜಿ ಸೈನಿಕನಲ್ಲ ಎನ್ನಲಾಗದು. ದುರ್ನಡತೆಗಾಗಿ ವಜಾಗೊಂಡವರು ಈ ವ್ಯಾಖ್ಯೆಯ ಹೊರಗಿದ್ದಾರೆ. ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮೊದಲಾದ ಅರೆಸೇನಾ ಪಡೆಗಳಿಂದ ನಿವೃತ್ತರಾದವರೂ ಇದರಲ್ಲಿ ಬರುವುದಿಲ್ಲ.

ಅಂಗವೈಕಲ್ಯದ ಪ್ರಮಾಣ ಮತ್ತು ಪಿಂಚಣಿ

ಸೇನೆಯ ವೈದ್ಯಕೀಯ ಮಂಡಳಿಯು ಎರಡು ವಿಷಯಗಳನ್ನು ನಿರ್ಧರಿಸುತ್ತದೆ: ಅಂಗವೈಕಲ್ಯವು ಸೇವೆಯಿಂದ ಉಂಟಾದುದೇ ಅಥವಾ ಸೇವೆಯಿಂದ ಉಲ್ಬಣಿಸಿದುದೇ ಎಂಬುದು ಒಂದು, ಅದರ ಶೇಕಡಾವಾರು ಪ್ರಮಾಣ ಎಷ್ಟು ಎಂಬುದು ಇನ್ನೊಂದು. ಅಂಗವೈಕಲ್ಯದ ಭತ್ಯಾಂಶ ದೊರೆಯಲು ಪ್ರಮಾಣವು ಕನಿಷ್ಠ ಶೇ. 20 ಇರಬೇಕು. 1996ರ ಜನವರಿ 1ರಿಂದ ಜಾರಿಗೆ ಬಂದ ಪದ್ಧತಿಯಂತೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ 100ರವರೆಗಿನದನ್ನು 100 ಎಂದೂ ಎಣಿಸಲಾಗುತ್ತದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಲಾಭ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್ 10ರಂದು ತೀರ್ಪಿತ್ತಿತು.

ಈ ಲೆಕ್ಕ ಪಿಂಚಣಿಗೆ ಮಾತ್ರ ಸಂಬಂಧಿಸಿದ್ದು. ಪಿಂಚಣಿಯಲ್ಲಿ ಕಾಣುವ 'ಶೇ. 50'ಕ್ಕೂ ಮನೆಗಂದಾಯದಲ್ಲಿ ದೊರೆಯುವ 'ಶೇ. 50' ರಿಯಾಯಿತಿಗೂ ಸಂಬಂಧವಿಲ್ಲ. ಶೇ. 30 ಅಂಗವೈಕಲ್ಯವುಳ್ಳವರಿಗೂ, ಶೇ. 100 ಅಂಗವೈಕಲ್ಯವುಳ್ಳವರಿಗೂ, ಯಾವ ಗಾಯವೂ ಇಲ್ಲದೆ ನಿವೃತ್ತರಾದವರಿಗೂ ತೆರಿಗೆಯ ರಿಯಾಯಿತಿ ಒಂದೇ.

ನಗರ ಪ್ರದೇಶಗಳಲ್ಲಿ ರಿಯಾಯಿತಿ

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮಾಜಿ ಸೈನಿಕರು ಅಥವಾ ಮೃತ ಮಾಜಿ ಸೈನಿಕರ ಕುಟುಂಬದವರು ಸ್ವತಃ ವಾಸಿಸುವ ಮನೆಯ ಆಸ್ತಿ ತೆರಿಗೆಯಲ್ಲಿ ಶೇ. 50 ರಿಯಾಯಿತಿ ಇದೆ. ಇದು ಒಂದು ವಾಸದ ಮನೆಗೆ ಸೀಮಿತವಾದುದು. ಬಾಡಿಗೆಗೆ ಕೊಟ್ಟ ಮನೆ, ಅಂಗಡಿ ಮಳಿಗೆ ಹಾಗೂ ಖಾಲಿ ನಿವೇಶನಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಉದಾಹರಣೆಗೆ, ಒಂದು ಮನೆಯ ವಾರ್ಷಿಕ ಆಸ್ತಿ ತೆರಿಗೆ 2,000 ರೂಪಾಯಿ ಆಗಿದ್ದರೆ ರಿಯಾಯಿತಿಯ ನಂತರ 1,000 ರೂಪಾಯಿ ಆಗುತ್ತದೆ. ಆದರೆ ರಸೀದಿಯ ಒಟ್ಟು ಮೊತ್ತವು ಸರಿಯಾಗಿ ಅರ್ಧಕ್ಕೆ ಇಳಿಯದಿರಬಹುದು. ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯ, ಗ್ರಂಥಾಲಯ ಮತ್ತು ಭಿಕ್ಷುಕರ ಉಪಕರಗಳನ್ನೂ ಘನತ್ಯಾಜ್ಯ ನಿರ್ವಹಣಾ ಶುಲ್ಕವನ್ನೂ ವಸೂಲು ಮಾಡಲಾಗುತ್ತದೆ. ನೀರಿನ ಕಂದಾಯ ಪ್ರತ್ಯೇಕವಾದುದು. ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲಿ ಇಡೀ ವರ್ಷದ ತೆರಿಗೆ ಪಾವತಿಸುವವರಿಗೆ ನೀಡಲಾಗುವ ಶೇ. 5 ರಿಯಾಯಿತಿಯು ಎಲ್ಲ ತೆರಿಗೆದಾರರಿಗೂ ಅನ್ವಯಿಸುವಂಥದು. ಅದಕ್ಕೂ ಸೈನಿಕರ ರಿಯಾಯಿತಿಗೂ ಸಂಬಂಧವಿಲ್ಲ.

ನಾಲ್ಕು ತಾಲ್ಲೂಕುಗಳಲ್ಲಿ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ತಾಲ್ಲೂಕು ಕೇಂದ್ರಗಳ ಪೈಕಿ ಹುಣಸೂರಿನಲ್ಲಿ ನಗರಸಭೆ ಇದೆ. ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಪುರಸಭೆಗಳಿವೆ. ಈ ನಾಲ್ಕೂ 1964ರ ಕಾಯ್ದೆಗೆ ಒಳಪಟ್ಟಿವೆ. ರಿಯಾಯಿತಿಗಾಗಿ ಸಲ್ಲಿಸುವ ಅರ್ಜಿಯನ್ನು ಹುಣಸೂರಿನಲ್ಲಿ ಪೌರಾಯುಕ್ತರಿಗೆ, ಉಳಿದ ಕಡೆ ಪುರಸಭೆಯ ಮುಖ್ಯಾಧಿಕಾರಿಗೆ ಬರೆಯಬೇಕಾಗುತ್ತದೆ.

ಈ ತಾಲ್ಲೂಕುಗಳ ಬಹುಪಾಲು ಜನ ಪಟ್ಟಣದ ಎಲ್ಲೆಯ ಹೊರಗೆ, ಹಳ್ಳಿಗಳಲ್ಲಿ ವಾಸಿಸುತ್ತಾರೆ. ಅವರ ಮನೆಗಂದಾಯ ಗ್ರಾಮ ಪಂಚಾಯಿತಿಗೆ ಸಲ್ಲುತ್ತದೆ. ಪೌರಸಭೆಗಳ ಕಾಯ್ದೆಯ ರಿಯಾಯಿತಿಯು ಗ್ರಾಮ ಪಂಚಾಯಿತಿಗೆ ತಾನಾಗಿ ಅನ್ವಯಿಸುವುದಿಲ್ಲ. ಅಲ್ಲಿನ ಬೇಡಿಕೆಯನ್ನು ಪಂಚಾಯತ್ ರಾಜ್ ಅಧಿನಿಯಮ ಮತ್ತು ಅದರ ಕೆಳಗಿನ ತೆರಿಗೆ ನಿಯಮಗಳಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮುಂದೆ ಇಡಬೇಕು. ಹೀಗೆ ಒಂದೇ ಪಲ್ಟನ್ನಿನಲ್ಲಿ ದುಡಿದು, ಒಂದೇ ಬಗೆಯ ಗಾಯ ಹೊಂದಿದ ಇಬ್ಬರಲ್ಲಿ ಒಬ್ಬರ ಮನೆ ಪುರಸಭೆಯ ವಾರ್ಡಿನಲ್ಲಿಯೂ ಇನ್ನೊಬ್ಬರ ಮನೆ ಪಕ್ಕದ ಹಳ್ಳಿಯಲ್ಲಿಯೂ ಇದ್ದರೆ, ಅವರಿಗೆ ಅನ್ವಯವಾಗುವ ಕಾನೂನೇ ಬೇರೆಯಾಗುತ್ತದೆ. ಕೃಷಿ ಜಮೀನಿನ ಭೂಕಂದಾಯವು ಕಂದಾಯ ಇಲಾಖೆಗೆ ಸೇರಿದ್ದು. ಅದು ಆಸ್ತಿ ತೆರಿಗೆಯಲ್ಲ.

ಬೇಕಾಗುವ ದಾಖಲೆಗಳು

ರಿಯಾಯಿತಿಯು ತಾನಾಗಿ ದೊರೆಯುವುದಿಲ್ಲ. ಸೇನೆಯ ದಾಖಲೆಗಳು ಸ್ಥಳೀಯ ಸಂಸ್ಥೆಯ ತೆರಿಗೆ ವಹಿಗೆ ಜೋಡಣೆಯಾಗಿಲ್ಲದ ಕಾರಣ ಮನೆಯ ಮಾಲೀಕರೇ ಕೇಳಿ ಪಡೆಯಬೇಕು. ಸಾಮಾನ್ಯವಾಗಿ ಕೆಳಗಿನ ದಾಖಲೆಗಳು ಉಪಯುಕ್ತವಾಗುತ್ತವೆ:

- ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಪುಸ್ತಕ
- ಪಿಂಚಣಿ ಪಾವತಿ ಆದೇಶ (ಪಿಪಿಒ)
- ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಪಡೆದ ಮಾಜಿ ಸೈನಿಕರ ಅಥವಾ ಅವರ ವಿಧವೆಯರ ಗುರುತಿನ ಚೀಟಿ
- ಮನೆಯ ಖಾತೆ ಅಥವಾ ಇ-ಖಾತೆಯ ಪ್ರತಿ, ಹಿಂದಿನ ವರ್ಷದ ತೆರಿಗೆ ರಸೀದಿ
- ಆ ಮನೆಯಲ್ಲಿಯೇ ವಾಸವಾಗಿರುವ ಬಗ್ಗೆ ಆಧಾರ್ ಮುಂತಾದ ಪುರಾವೆ

ಇವುಗಳಲ್ಲಿ ಖಾತೆಯ ವಿಷಯ ತೊಡಕಿನದು. ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಮನೆಯ ಖಾತೆ ತೀರಿಕೊಂಡ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದುಂಟು. ಅಂತಹ ಮನೆಯಲ್ಲಿ ಸೈನಿಕ ವಾಸಿಸುತ್ತಿದ್ದರೂ ತೆರಿಗೆ ವಹಿಯಲ್ಲಿ ಅವನ ಹೆಸರು ಇರುವುದಿಲ್ಲ. ವಾರಸುದಾರರು ಮೊದಲು ಖಾತೆ ಬದಲಾವಣೆ ಮಾಡಿಸಿಕೊಂಡರೆ ರಿಯಾಯಿತಿಯ ಅರ್ಜಿ ಸುಗಮವಾಗುತ್ತದೆ. ಸೈನಿಕನ ಮರಣಾನಂತರ ಅವನ ಪತ್ನಿಯೂ ತನ್ನ ಗುರುತಿನ ಚೀಟಿಯನ್ನು ಪ್ರತ್ಯೇಕವಾಗಿ ಪಡೆದಿಟ್ಟುಕೊಳ್ಳಬೇಕು.

ಗುರುತಿನ ಚೀಟಿಗೆ ಸಂಬಂಧಿಸಿದ ಇಲಾಖೆಯ ಕಚೇರಿ ಮೈಸೂರು ನಗರದಲ್ಲಿದೆ. ಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಂದ ಅಲ್ಲಿಗೆ ಹೋಗಿಬರುವುದು ನಡೆದಾಡಲು ಕಷ್ಟಪಡುವವರಿಗೆ ಒಂದು ದಿನದ ಪ್ರಯಾಸದ ಕೆಲಸ.

ಇತರ ಪ್ರದೇಶಗಳಲ್ಲಿ

ಮಹಾರಾಷ್ಟ್ರವು 2020ರಲ್ಲಿ ಬಾಳಾಸಾಹೇಬ ಠಾಕ್ರೆ ಅವರ ಹೆಸರಿನ ಯೋಜನೆಯಡಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿಯೂ ಮಾಜಿ ಸೈನಿಕರು ಮತ್ತು ಅವರ ವಿಧವೆಯರ ವಾಸದ ಮನೆಗೆ ತೆರಿಗೆ ವಿನಾಯಿತಿ ನೀಡಿತು. ದೆಹಲಿಯ ನಗರ ಪಾಲಿಕೆಯು ಮಾಜಿ ಸೈನಿಕರು ಸ್ವತಃ ವಾಸಿಸುವ ಒಂದು ಮನೆಗೆ, 200 ಚದರ ಮೀಟರ್‌ವರೆಗಿನ ವಿಸ್ತೀರ್ಣಕ್ಕೆ, ಶೇ. 30 ರಿಯಾಯಿತಿ ಕೊಡುತ್ತದೆ.

ಅಂಗವೈಕಲ್ಯದ ಪ್ರಮಾಣವನ್ನೇ ಅಳತೆಗೋಲಾಗಿ ಬಳಸುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಣುತ್ತದೆ. ಟೆಕ್ಸಾಸ್ ರಾಜ್ಯದಲ್ಲಿ ಶೇ. 10ರಿಂದ 29ರವರೆಗಿನ ಅಂಗವೈಕಲ್ಯವುಳ್ಳವರ ಆಸ್ತಿ ಮೌಲ್ಯದಲ್ಲಿ 5,000 ಡಾಲರ್ ಕಳೆಯಲಾಗುತ್ತದೆ. ಪ್ರಮಾಣ ಹೆಚ್ಚಿದಂತೆ ಈ ಮೊತ್ತವೂ ಹೆಚ್ಚುತ್ತದೆ. ಶೇ. 100 ಅಂಗವೈಕಲ್ಯವೆಂದು ಮಾನ್ಯವಾದವರ ವಾಸದ ಮನೆಗೆ 2009ರಿಂದ ಪೂರ್ಣ ವಿನಾಯಿತಿ ಇದೆ.

ಮಹತ್ವ

ಕರ್ನಾಟಕದ ಪದ್ಧತಿಯಲ್ಲಿ ವೈದ್ಯಕೀಯ ಪ್ರಮಾಣದ ವಿವಾದವಿಲ್ಲ. ಸೈನಿಕನೆಂಬುದು ಮತ್ತು ವಾಸವಿರುವುದು ಸಾಬೀತಾದರೆ ಸಾಕು. ಪಿಂಚಣಿಯ ಪ್ರಮಾಣಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡುತ್ತಿರುವವರೂ ಇದನ್ನು ಪಡೆಯಬಹುದು. ಆದರೆ ಕಾಲು ಕಳೆದುಕೊಂಡವರಿಗೂ ಆರೋಗ್ಯವಂತರಿಗೂ ಒಂದೇ ಅಳತೆ ಎಂಬುದು ಇದರ ಇನ್ನೊಂದು ಮುಖ. ಮನೆಗೆ ಗಾಲಿಕುರ್ಚಿ ಬರುವಂತೆ ಇಳಿಜಾರು ಕಟ್ಟಿಸುವ, ಸ್ನಾನಗೃಹ ಬದಲಿಸುವ ಹೆಚ್ಚುವರಿ ಖರ್ಚನ್ನು ಈ ಲೆಕ್ಕ ಪರಿಗಣಿಸುವುದಿಲ್ಲ.