ಕೂಡಬಾರದ ಎರಡು ಗಾಳಿ

ಅಮೆರಿಕದಲ್ಲಿ ಆರ್‌ವಿ ಎಂದು ಕರೆಯುವ ಚಕ್ರದ ಮನೆಗಳಲ್ಲಿ, ಬೆಂಚಿನ ಕೆಳಗೋ ಬೀರುವಿನ ಬುಡದಲ್ಲೋ ತಗಡಿನ ಪೆಟ್ಟಿಗೆಯೊಂದು ಅಡಗಿರುತ್ತದೆ. ಅದೇ ಪ್ರೊಪೇನ್ ಫರ್ನೇಸ್. ಅದರೊಳಗಿನ ಬೆಂಕಿಯ ಗಾಳಿ ಬೇರೆ, ಮಲಗಿದವರು ಉಸಿರಾಡುವ ಗಾಳಿ ಬೇರೆ. ಇವೆರಡೂ ಕೂಡದಂತೆ ನೋಡಿಕೊಳ್ಳುವುದರಲ್ಲೇ ಯಂತ್ರದ ಜಾಣ್ಮೆಯೆಲ್ಲ ಇದೆ.

12 ವೋಲ್ಟ್ ಬ್ಯಾಟರಿಯಿಂದ ತಿರುಗುವ ಒಂದೇ ಮೋಟಾರಿಗೆ ಎರಡು ಫ್ಯಾನು. ಒಂದು, ಹೊರಗಿನ ಗಾಳಿಯನ್ನು ಮುಚ್ಚಿದ ಉರಿಗೂಡಿಗೆ ಎಳೆದು ಹೊಗೆಯನ್ನು ಹೊರಕ್ಕೇ ದಬ್ಬುತ್ತದೆ. ಇನ್ನೊಂದು, ಕೋಣೆಯ ಗಾಳಿಯನ್ನು ಆ ಗೂಡಿನ ಬಿಸಿ ಹೊರಮೈ ಮೇಲೆ ಹಾಯಿಸಿ ಕೋಣೆಗೇ ಮರಳಿಸುತ್ತದೆ.

ಥರ್ಮೋಸ್ಟಾಟ್ ಕೇಳಿದ ಕೂಡಲೇ ಉರಿ ಹತ್ತುವುದಿಲ್ಲ. ಗೂಡಿನಲ್ಲಿ ಅನಿಲ ಉಳಿದಿದ್ದರೆ ಫ್ಯಾನು ಮೊದಲು ಅದನ್ನು ಹೊರಹಾಕುತ್ತದೆ. ಗಾಳಿಯ ರಭಸಕ್ಕೆ ಸೈಲ್ ಸ್ವಿಚ್ ಎಂಬ ತೆಳು ರೆಕ್ಕೆ ವಾಲಿದರೆ ಮಾತ್ರ ಕವಾಟ ತೆರೆದು ಕಿಡಿ ಹಾರುತ್ತದೆ. ಬ್ಯಾಟರಿ ಸೊರಗಿದ್ದರೆ ಫ್ಯಾನು ನಿಧಾನಕ್ಕೆ ಸುತ್ತುತ್ತಲೇ ಇರುತ್ತದೆ, ಬೆಂಕಿ ಮಾತ್ರ ಇಲ್ಲ. ಕೆಟ್ಟುಹೋಯಿತೆಂದು ಜನ ಬೈಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಕೂರಿಸುವವರ ಕಸುಬು ತಿಳಿಯುವುದು ಹೊರಗೋಡೆಯ ತೂತಿನಲ್ಲಿ. ಗಾಳಿ ಎಳೆಯುವ, ಹೊಗೆ ಬಿಡುವ ಕೊಳವೆಗಳು ಗೋಡೆಯಾಚೆಗೆ ಬಾಯಿ ತೆರೆಯಬೇಕೇ ಹೊರತು ಗಾಡಿಯ ಅಡಿಗಲ್ಲ. ಹೊಗೆಕೊಳವೆ ಫರ್ನೇಸಿನ ಕತ್ತಿನ ಮೇಲೆ ಸಾಕಷ್ಟು ಒಳಸೇರಿ ಕೂರಬೇಕು. ಗಿಡ್ಡವಾದರೆ ರಸ್ತೆಯ ಕುಲುಕಾಟಕ್ಕೆ ಕಳಚಿಕೊಂಡು ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬೇಸಿಗೆಯಲ್ಲಿ ಕಣಜಗಳು ಇದೇ ಕೊಳವೆಯಲ್ಲಿ ಮಣ್ಣಿನ ಗೂಡು ಕಟ್ಟುವುದುಂಟು, ಹಾಗಾಗಿ ಚಳಿಗಾಲಕ್ಕೆ ಮುಂಚೆ ಇಣುಕಿ ನೋಡಲೇಬೇಕು. ಒಳಗೆ, ಗಾಳಿ ವಾಪಸಾಗುವ ಜಾಲರಿಗೆ ಚೀಲ ಒತ್ತರಿಸಿದರೆ ಗೂಡು ಅತಿಯಾಗಿ ಕಾದು ಲಿಮಿಟ್ ಸ್ವಿಚ್ ಉರಿಯನ್ನು ನಿಲ್ಲಿಸುತ್ತದೆ.

ಕೊಳವೆ ಹೊರಹಾಕುವುದು ವಿಷವನ್ನಷ್ಟೇ ಅಲ್ಲ. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಅಡುಗೆ ಒಲೆ ಹಚ್ಚಿ ಚಳಿ ಕಾಯಿಸಿಕೊಂಡವರ ಕಿಟಕಿಗಳು ಬೆಳಿಗ್ಗೆ ತೊಟ್ಟಿಕ್ಕುವುದು ಅದಕ್ಕೇ. ಒಲೆ ಕೋಣೆಯ ಆಮ್ಲಜನಕವನ್ನೂ ತಿನ್ನುತ್ತದೆ, ಅದು ಬೇರೆ ಅಪಾಯ.

ಪ್ರೊಪೇನೇ ಯಾಕೆ? ನಮ್ಮ ಅಡುಗೆ ಸಿಲಿಂಡರಿನಲ್ಲಿ ಅದರ ಜೊತೆ ಬ್ಯೂಟೇನ್ ಇದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗಲು ಒಲ್ಲದು. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲಕ್ಕಿಳಿಯುತ್ತದೆ. ಆದ್ದರಿಂದ ಅದರ ಅಲಾರಂ ಇರುವುದು ಕಾಲ ಬಳಿ.

ರಜೆಗೆ ಆರ್‌ವಿ ಬಾಡಿಗೆ ಹಿಡಿಯುವ ಅಮೆರಿಕದ ಕನ್ನಡಿಗರೇ, ಹೊರಡುವ ಮುನ್ನ ಪ್ರೊಪೇನ್ ಮತ್ತು ಮಾನಾಕ್ಸೈಡ್ ಅಲಾರಂಗಳ ಗುಂಡಿ ಒತ್ತಿ ನೋಡಿ. ಎರಡರಲ್ಲಿ ಒಂದು ಕೂಗದಿದ್ದರೂ ಆ ಗಾಡಿ ಬೇಡವೆನ್ನಿ.