ಚಿತ್ರ ಬರೆಯಲು ‘ಬಲ ಮೆದುಳು’ ಬೇಕೆ? ತಿರುಗುವ ನರ್ತಕಿಯ ಫಾರ್ವರ್ಡ್ ಹೇಳದ ಸತ್ಯಗಳು

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ನರ್ತಕಿಯೊಬ್ಬಳ ಕಪ್ಪು ನೆರಳು ಗಿರಗಿರನೆ ತಿರುಗುತ್ತಿರುತ್ತದೆ. ಅವಳು ಗಡಿಯಾರದ ಮುಳ್ಳಿನಂತೆ ತಿರುಗುವುದಾಗಿ ಕಂಡರೆ ನೀವು ಬಲ ಮೆದುಳಿನವರು, ಅಂದರೆ ಹುಟ್ಟು ಕಲಾವಿದರು. ಉಲ್ಟಾ ತಿರುಗುವುದಾಗಿ ಕಂಡರೆ ಎಡ ಮೆದುಳಿನವರು, ಲೆಕ್ಕಾಚಾರದವರು ಎಂಬ ಬರಹ ಅದರ ಕೆಳಗಿರುತ್ತದೆ.

ತಮಾಷೆಗೆ ನೋಡಿ ಬಿಟ್ಟರೆ ತೊಂದರೆಯಿಲ್ಲ. ಆದರೆ ಕಥೆ ಪುಸ್ತಕಗಳಿಗೆ, ಗೇಮ್‌ಗಳಿಗೆ ಚಿತ್ರ ಬರೆಯಬೇಕೆಂದು ಕನಸು ಕಂಡ ಹುಡುಗಿಯೊಬ್ಬಳು, ತಾನು ಬರೆದ ಮನುಷ್ಯರ ಕೈಕಾಲು ಸೊಟ್ಟಗಿರುವುದನ್ನು ನೋಡಿ, ‘ನನಗೆ ಆ ಕಲೆ ಹುಟ್ಟಿನಿಂದ ಬಂದಿಲ್ಲ’ ಎಂದು ಪೆನ್ಸಿಲ್ ಕೆಳಗಿಟ್ಟರೆ ನಷ್ಟ ದೊಡ್ಡದು. ಇತ್ತ ‘21 ದಿನಗಳಲ್ಲಿ ಚಿತ್ರಕಾರರಾಗಿ’ ಎಂಬ ಜಾಹೀರಾತು ನಂಬಿ ಹಣ ಕಟ್ಟಿದವರ ನಷ್ಟವೂ ಸಣ್ಣದಲ್ಲ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಹೇಳಿಕೆ 1: ಕಲಾವಿದರು ‘ಬಲ ಮೆದುಳಿನವರು’

ವಾಸ್ತವ: ಹಾಗೆಂದು ವಿಂಗಡಿಸಲು ಆಧಾರವಿಲ್ಲ.

ಈ ನಂಬಿಕೆಯ ಬೇರು ನಿಜವಾದ ವಿಜ್ಞಾನದಲ್ಲೇ ಇದೆ. ಮೆದುಳಿನ ಎರಡು ಭಾಗಗಳ ನಡುವಿನ ಸಂಪರ್ಕ ಕತ್ತರಿಸಿದ ರೋಗಿಗಳ ಮೇಲೆ ರೋಜರ್ ಸ್ಪೆರಿ ನಡೆಸಿದ ಅಧ್ಯಯನಕ್ಕೆ 1981ರಲ್ಲಿ ನೊಬೆಲ್ ಬಂತು. ಭಾಷೆಯಂಥ ಕೆಲವು ಕೆಲಸಗಳು ಬಹುಪಾಲು ಜನರಲ್ಲಿ ಎಡಭಾಗವನ್ನು ಹೆಚ್ಚು ಅವಲಂಬಿಸಿವೆ ಎಂಬುದು ನಿಜ. ಅಮೆರಿಕದ ಕಲಾ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರಲ್ಲಿ, ಬಲ ಮೆದುಳಿನಿಂದ ಚಿತ್ರ ಬರೆಯುವುದನ್ನು ಕಲಿಸುವ ಪುಸ್ತಕ ಬರೆದರು. ಅದು ಬಹಳ ಜನಪ್ರಿಯವಾಯಿತು. ‘ಕೆಲವು ಕೆಲಸಗಳು ಒಂದು ಬದಿಗೆ ವಾಲುತ್ತವೆ’ ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ‘ಕೆಲವು ಮನುಷ್ಯರೇ ಒಂದು ಬದಿಯವರು’ ಎಂದಾಯಿತು.

2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿದರು. ಒಬ್ಬರ ಮೆದುಳು ಒಟ್ಟಾರೆಯಾಗಿ ಎಡಕ್ಕೋ ಬಲಕ್ಕೋ ವಾಲಿರುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಇನ್ನು ಆ ನರ್ತಕಿ? ಅವಳು ಮೆದುಳಿನ ಪರೀಕ್ಷೆಯೇ ಅಲ್ಲ. ಜಪಾನಿನ ನೊಬುಯುಕಿ ಕಯಾಹರ 2003ರಲ್ಲಿ ಮಾಡಿದ ದೃಷ್ಟಿಭ್ರಮೆ ಅದು. ಬರೀ ಕಪ್ಪು ನೆರಳಾದ್ದರಿಂದ ಅವಳ ಯಾವ ಕಾಲು ಮುಂದಿದೆ, ಯಾವುದು ಹಿಂದಿದೆ ಎಂಬ ಸುಳಿವೇ ಅದರಲ್ಲಿಲ್ಲ. ಸುಳಿವಿಲ್ಲದ ಕಡೆ ಮೆದುಳು ತಾನೇ ಒಂದು ಊಹೆ ಮಾಡುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಚಿತ್ರ ಕೆಡುವುದೇಕೆ?

ಒಂದು ಸಣ್ಣ ಪರೀಕ್ಷೆ ಮಾಡಿ. ಯಾರನ್ನೂ ನೋಡದೆ ಒಂದು ಮುಖ ಬರೆಯಿರಿ. ಈಗ ನೆತ್ತಿಯಿಂದ ಗದ್ದದವರೆಗೆ ಅಳೆದು, ಕಣ್ಣು ಎಲ್ಲಿದೆ ನೋಡಿ. ಬಹುತೇಕರು ಕಣ್ಣನ್ನು ತೀರಾ ಮೇಲೆ, ಹಣೆಯ ಜಾಗದಲ್ಲಿ ಬರೆದಿರುತ್ತಾರೆ. ನಿಜವಾದ ತಲೆಯಲ್ಲಿ ಕಣ್ಣುಗಳು ಹೆಚ್ಚುಕಡಿಮೆ ನಡುಮಧ್ಯದಲ್ಲಿರುತ್ತವೆ. ಕನ್ನಡಿಯ ಮುಂದೆ ನಿಂತು ಸ್ಕೇಲ್ ಹಿಡಿದರೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿಯ ಮೇಲೆ. ಹಣೆ, ನೆತ್ತಿ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ನಾವು ಕಂಡದ್ದನ್ನಲ್ಲ, ಗೊತ್ತಿದೆ ಅಂದುಕೊಂಡದ್ದನ್ನು ಬರೆಯುತ್ತೇವೆ. ತಪ್ಪು ಬೆರಳಿನಲ್ಲಿಲ್ಲ, ನೋಡುವುದರಲ್ಲಿದೆ.

2005ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಡೇಲ್ ಕೋಹೆನ್ ಅವರ ಅಧ್ಯಯನ ಇದನ್ನೇ ಹೇಳುತ್ತದೆ. ಚೆನ್ನಾಗಿ ಬರೆಯುವವರು ಎದುರಿನ ವಸ್ತುವಿನ ಕಡೆಗೂ ಹಾಳೆಯ ಕಡೆಗೂ ಮತ್ತೆ ಮತ್ತೆ ಕಣ್ಣಾಡಿಸುತ್ತಾರೆ. ಹೊಸಬರು ಒಮ್ಮೆ ನೋಡಿ, ಆಮೇಲೆ ನೆನಪಿನಿಂದ ಬರೆಯುತ್ತಾ ಹೋಗುತ್ತಾರೆ. ಎಡ್ವರ್ಡ್ಸ್ ಅವರ ಪುಸ್ತಕದಲ್ಲಿ ಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡುವ ಅಭ್ಯಾಸವಿದೆ. ಅದು ಕೆಲಸ ಮಾಡಲು ಬಲ ಮೆದುಳು ಬೇಕಿಲ್ಲ. ತಲೆಕೆಳಗಾದಾಗ ‘ಇದು ಮೂಗು’ ಎಂಬ ಹಳೇ ನೆನಪು ಕೈಕೊಡುತ್ತದೆ. ಗೆರೆಯನ್ನು ಗೆರೆಯಾಗಿಯೇ ನೋಡಬೇಕಾಗುತ್ತದೆ.

ಹೇಳಿಕೆ 2: ನಿಜವಾದ ಕಲಾವಿದ ನೋಡಿ ಬರೆಯುವುದಿಲ್ಲ

ವಾಸ್ತವ: ದೊಡ್ಡ ಕಲಾವಿದರಲ್ಲೂ ಅನೇಕರು ನೋಡಿಯೇ ಬರೆದರು.

1942ರ ‘ಬ್ಯಾಂಬಿ’ ಚಿತ್ರಕ್ಕಾಗಿ ಡಿಸ್ನಿ ಸ್ಟುಡಿಯೋ ಜೀವಂತ ಜಿಂಕೆಮರಿಗಳನ್ನೇ ತಂದಿಟ್ಟುಕೊಂಡಿತ್ತು. ಅಮೆರಿಕದ ಪ್ರಸಿದ್ಧ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಮಾಡೆಲ್‌ಗಳ ಫೋಟೋ ತೆಗೆಸಿ, ಅವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರು. ‘ದ ಲಿಟಲ್ ಮರ್ಮೇಡ್’ನ ಏರಿಯಲ್ ಪಾತ್ರವನ್ನು ರೂಪಿಸಿದ ಗ್ಲೆನ್ ಕೀನ್ ಅವರಿಗೆ ಕಣ್ಣು ಮುಚ್ಚಿದರೆ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ. ಈ ಸ್ಥಿತಿಗೆ ಅಫಾಂಟೇಸಿಯಾ ಎಂಬ ಹೆಸರಿದೆ. ‘ನನಗೆ ಮನಸ್ಸಿನಲ್ಲಿ ಚಿತ್ರ ಕಾಣುವುದಿಲ್ಲ, ಹಾಗಾಗಿ ಬರೆಯಲಾರೆ’ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಕಲಿಯಲು ನೋಡಿ ಬರೆಯುವುದು ಮೋಸವಲ್ಲ. ಇನ್ನೊಬ್ಬರ ಚಿತ್ರವನ್ನು ನಕಲು ಮಾಡಿ ತನ್ನದೆಂದು ಹೇಳಿಕೊಳ್ಳುವುದು ಮೋಸ.

ಆದರೆ ಮೊಬೈಲ್ ಫೋಟೋ ನೋಡಿ ಬರೆಯುವವರು ಒಂದು ವಿಷಯ ತಿಳಿದಿರಬೇಕು. ಸುಮಾರು 30 ಸೆಂ.ಮೀ. ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಸುಮಾರು ಒಂದೂವರೆ ಮೀಟರ್ ದೂರದಿಂದ ತೆಗೆದ ಫೋಟೋಗಿಂತ ಹತ್ತಿರ ಹತ್ತಿರ ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಅಂಥ ಫೋಟೋ ನೋಡಿ ಬರೆದರೆ ತಪ್ಪು ಅಳತೆಯೇ ಅಭ್ಯಾಸವಾಗುತ್ತದೆ. ಮಾದರಿಗೆಂದು ಫೋಟೋ ತೆಗೆಯುವಾಗ ನಾಲ್ಕಾರು ಹೆಜ್ಜೆ ಹಿಂದೆ ಸರಿಯಿರಿ. ಇಡೀ ದೇಹ ಬೇಕಿದ್ದರೆ ಮೊಬೈಲನ್ನು ಸೊಂಟದ ಎತ್ತರಕ್ಕೆ ಹಿಡಿಯಿರಿ.

ಹೇಳಿಕೆ 3: 21 ದಿನ ಅಭ್ಯಾಸ ಮಾಡಿದರೆ ಸಾಕು

ವಾಸ್ತವ: 21 ಮಂತ್ರಸಂಖ್ಯೆಯೇನಲ್ಲ.

ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ತಮ್ಮ ಪುಸ್ತಕದಲ್ಲಿ, ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಬರೆದಿದ್ದರು. ಹೇಳುತ್ತಾ ಹೇಳುತ್ತಾ ‘ಕನಿಷ್ಠ’ ಎಂಬ ಪದ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಮುಂದೆ ಪರೀಕ್ಷಿಸಿದಾಗ, ಹೊಸ ಅಭ್ಯಾಸವೊಂದು ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ಅದೂ ದಿನಾ ಹಣ್ಣು ತಿನ್ನುವಂಥ ಸರಳ ಅಭ್ಯಾಸಗಳಿಗೆ. ದಿನಾ ಪೆನ್ಸಿಲ್ ಹಿಡಿಯುವ ರೂಢಿ ಬೇರೆ, ಕೈಗೆ ಕಲೆ ಹತ್ತುವುದು ಬೇರೆ.

ವಿನ್ಸೆಂಟ್ ವ್ಯಾನ್ ಗೋ ಕಲಾವಿದನಾಗಲು ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಶುರುಮಾಡಿದ್ದು ಶಾರ್ಲ್ ಬಾರ್ಗ್ ಎಂಬುವರ ಅಭ್ಯಾಸ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡುವುದರಿಂದ.

ಹಾಗಾದರೆ ಏನು ಅಭ್ಯಾಸ ಮಾಡಬೇಕು?

ಮೊದಲು ಅಳತೆ. ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಗಳಷ್ಟು, ಆಗ ಹುಟ್ಟಿದ ಮಗುವಿನದು ಸುಮಾರು ನಾಲ್ಕು. ವಯಸ್ಕರ ದೇಹದ ನಡುಭಾಗ ಬರುವುದು ಹೊಕ್ಕುಳಲ್ಲಿ ಅಲ್ಲ, ಅದಕ್ಕೂ ಕೆಳಗೆ, ತೊಡೆಗಳು ಸೇರುವಲ್ಲಿ. ಅಂಗೈಯ ಬುಡವನ್ನು ಗದ್ದಕ್ಕಿಟ್ಟರೆ ಮಧ್ಯಬೆರಳು ಹಣೆಯ ಮೇಲ್ಭಾಗ ಮುಟ್ಟುತ್ತದೆ. ಅಂದರೆ ಕೈ ಮುಖದಷ್ಟೇ ಉದ್ದ. ಹೊಸಬರು ಸಾಮಾನ್ಯವಾಗಿ ಅದನ್ನು ಚಿಕ್ಕದಾಗಿ ಬರೆಯುತ್ತಾರೆ. ಈ ಲೆಕ್ಕ ನಮ್ಮ ಶಿಲ್ಪಿಗಳಿಗೂ ಹೊಸದಲ್ಲ. ಶಿಲ್ಪಶಾಸ್ತ್ರದಲ್ಲಿ ಒಂದು ತಾಳವೆಂದರೆ ಮುಖದ ಉದ್ದ, ಅಂದರೆ 12 ಅಂಗುಲ. ನವತಾಳ ಮೂರ್ತಿ 108 ಅಂಗುಲದ್ದು. ಗಣಪತಿ, ಬಾಲಕೃಷ್ಣರಂಥ ರೂಪಗಳಿಗೆ ಪಂಚತಾಳ. ತಲೆ ದೊಡ್ಡದಾಗಿ ಮೈ ಗಿಡ್ಡವಾದರೆ ಮಗುವಿನಂತೆ ಕಾಣುತ್ತದೆ ಎಂಬ ಗುಟ್ಟು ಇಂದಿನ ಕಾರ್ಟೂನ್ ಪಾತ್ರಗಳಿಗೂ ಅದೇ.

ಎರಡನೆಯದು ಭಂಗಿ. ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಕೂತು, ಒಬ್ಬೊಬ್ಬರಿಗೂ 30 ಸೆಕೆಂಡಿನಿಂದ 2 ನಿಮಿಷ ಕೊಟ್ಟು ಬರೆಯಿರಿ. ಕಣ್ಣು, ಗುಂಡಿ, ಜೇಬು ಯಾವುದೂ ಬೇಡ. ಬೆನ್ನು ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟೇ. ಒಂದೇ ಕಾಲಿಗೆ ಭಾರ ಹಾಕಿ ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಸಾಮಾನ್ಯವಾಗಿ ಅದೇ ಬದಿಯ ಭುಜ ಇಳಿಯುತ್ತದೆ. ಇದೊಂದು ಹಿಡಿತಕ್ಕೆ ಸಿಕ್ಕರೆ ನಿಮ್ಮ ಮನುಷ್ಯರು ಕಂಬದಂತೆ ನಿಲ್ಲುವುದು ತಪ್ಪುತ್ತದೆ.

ಮೂರನೆಯದು ಗಾತ್ರ. ತಲೆಯನ್ನು ಮೊಟ್ಟೆಯಾಗಿ, ಎದೆ ಮತ್ತು ಸೊಂಟವನ್ನು ಎರಡು ಪೆಟ್ಟಿಗೆಗಳಾಗಿ, ಕೈಕಾಲುಗಳನ್ನು ಕೊಳವೆಗಳಾಗಿ ಬರೆದು ನೋಡಿ. ಈಗ ಆ ನರ್ತಕಿಯನ್ನು ನೆನಪಿಸಿಕೊಳ್ಳಿ. ಅವಳ ಎರಡು ಕಾಲುಗಳು ಅಡ್ಡ ಹಾಯುವ ಜಾಗದಲ್ಲಿ, ಮುಂದಿನ ಕಾಲಿನ ಅಂಚನ್ನು ಒಂದು ಬಿಳಿ ಗೆರೆಯಲ್ಲಿ ತೋರಿಸಿದರೆ ಗೊಂದಲ ಮುಗಿಯುತ್ತದೆ. ಯಾವುದು ಯಾವುದನ್ನು ಮರೆಮಾಡಿದೆ ಎಂದು ತೋರಿಸುವ ಆ ಗೆರೆಯೇ ಚಪ್ಪಟೆ ಚಿತ್ರಕ್ಕೆ ಆಳ ಕೊಡುತ್ತದೆ.

ನಾಲ್ಕನೆಯದು ಪಾತ್ರ. ನಿಮ್ಮ ಪಾತ್ರವನ್ನು ಪೂರ್ತಿ ಕಪ್ಪು ಮಾಡಿ. ನೆರಳಿನಲ್ಲೇ ಯಾರೆಂದು ಗೊತ್ತಾಗುತ್ತದೆಯೇ? ಯಕ್ಷಗಾನದ ಬಣ್ಣದ ವೇಷವನ್ನು ದೂರದಿಂದ ಬರೀ ಆಕಾರದಲ್ಲೇ ಗುರುತಿಸಬಹುದು. ನಿಮ್ಮ ಪಾತ್ರಕ್ಕೂ ಆ ಗುಣ ಇರಲಿ. ಆದರೆ ಇದು ಕೊನೆಯ ಹಂತ. ಅಳತೆಯನ್ನು ಬೇಕೆಂದೇ ಮೀರಬೇಕಾದರೆ ಮೊದಲು ಅಳತೆ ಗೊತ್ತಿರಬೇಕು.

ದಿನಕ್ಕೆ ಅರ್ಧ ಗಂಟೆ ಸಾಕು: 10 ನಿಮಿಷ ಭಂಗಿ, 10 ನಿಮಿಷ ಕೈ ಅಥವಾ ಪಾದ, 10 ನಿಮಿಷ ನಿಮಗಿಷ್ಟವಾದದ್ದು. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ಹಳೆಯದನ್ನು ಹರಿಯಬೇಡಿ. ಸುಧಾರಣೆ ನಿನ್ನೆಯ ಹಾಳೆಯ ಪಕ್ಕದಲ್ಲಿ ಕಾಣುವುದಿಲ್ಲ, ಮೂರು ತಿಂಗಳ ಹಿಂದಿನ ಹಾಳೆಯ ಪಕ್ಕದಲ್ಲಿ ಕಾಣುತ್ತದೆ. ಮಣಿಕಟ್ಟು ನೋಯತೊಡಗಿದರೆ ಕೈಗೆ ಬಿಡುವು ಕೊಡಿ.

ಒಟ್ಟಾರೆ

ಎಲ್ಲರಿಗೂ ಒಂದೇ ವೇಗದಲ್ಲಿ ಕಲೆ ಒಲಿಯುತ್ತದೆ ಎಂದು ನಾವು ಹೇಳುತ್ತಿಲ್ಲ. ಕೆಲವರಿಗೆ ಬೇಗ, ಕೆಲವರಿಗೆ ತಡ. ಆದರೆ ಯಾರಿಗೆ ಬರುತ್ತದೆ, ಯಾರಿಗಿಲ್ಲ ಎಂದು ತಿರುಗುವ ನರ್ತಕಿ ಹೇಳಲಾರಳು. ಕೆಲವೊಮ್ಮೆ ಕಲಾಶಾಲೆಯೂ ಹೇಳಲಾರದು: ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಹೆಸರಾಂತ ಕಲಾಶಾಲೆಯಲ್ಲಿ ಪ್ರವೇಶ ಸಿಕ್ಕಿರಲಿಲ್ಲ. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮುಂದೆ ಅವರ ‘ಕಾಮನ್ ಮ್ಯಾನ್’ ದೇಶದ ಮನೆಮನೆಗೂ ಪರಿಚಿತನಾದ.

ಆ ಫಾರ್ವರ್ಡ್ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಮನೆಯಲ್ಲಿ ಚಿತ್ರ ಬರೆಯುವ ಮಗುವಿದ್ದರೆ ಬದಲಿಗೆ ಇಷ್ಟು ಮಾಡಿ: ಎರಡು ನಿಮಿಷ ಅಲುಗಾಡದೆ ಅದರೆದುರು ಕೂತುಕೊಳ್ಳಿ. ಅದಕ್ಕೊಂದು ಮಾಡೆಲ್ ಸಿಕ್ಕ ಹಾಗಾಗುತ್ತದೆ.