ಧರ್ಮ ಬದಲಾಯಿತು, ಜಾತಿ ಉಳಿಯಿತು
ಚಾಮರಾಜನಗರ: ಗುಂಡ್ಲುಪೇಟೆ, ಕೊಳ್ಳೇಗಾಲ ಸೇರಿದಂತೆ ಜಿಲ್ಲೆಯ ಕ್ಯಾಥೊಲಿಕ್ ಕ್ರೈಸ್ತರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಮೈಸೂರು ಸೀಮೆಗೆ ಈ ಧರ್ಮವನ್ನು 17ನೇ ಶತಮಾನದಲ್ಲಿ ತಂದವರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಪ್ರಮುಖರು.

ದೇವರು ಒಬ್ಬನೇ, ಯೇಸುವಿನ ಬಲಿದಾನ ಸಕಲರ ಪಾಪವಿಮೋಚನೆಗಾಗಿ, ದೀಕ್ಷಾಸ್ನಾನ ಪಡೆದವರೆಲ್ಲ ಸಮಾನರು ಎಂಬುದು ಕ್ರೈಸ್ತರ ನಂಬಿಕೆ. ಆದರೆ ಮತಾಂತರದ ಬಳಿಕವೂ ಜಾತಿ ಅಳಿಯಲಿಲ್ಲ ಎಂಬುದು ಭಾರತದಲ್ಲಿ ಕೇಳಿಬರುವ ಮುಖ್ಯ ಟೀಕೆ.

ಕಾನೂನಿನ ತೊಡಕೂ ಇಲ್ಲೇ ಇದೆ. 1950ರ ರಾಷ್ಟ್ರಪತಿ ಆದೇಶದನ್ವಯ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ದೊರೆಯಿತು. ಜಾತಿಯನ್ನೇ ಒಪ್ಪದ ಧರ್ಮದವರಿಗೆ ಜಾತಿ ಮೀಸಲಾತಿ ಏಕೆ ಎಂಬುದು ವಿರೋಧಿಗಳ ವಾದ. ದೇವರು ಬದಲಾದರೂ ಕೇರಿ ಬದಲಾಗಿಲ್ಲ ಎಂಬುದು ಬೇಡಿಕೆಯಿಟ್ಟವರ ಉತ್ತರ. 2022ರಲ್ಲಿ ಕೇಂದ್ರ ಸರ್ಕಾರ ಈ ಪ್ರಶ್ನೆಯನ್ನು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗಕ್ಕೆ ಒಪ್ಪಿಸಿತು.